ನೆಲಕ್ಕೆ ಹೋಗುವ ತಂತಿ

ಮೀಟರಿನ ಮುಳ್ಳು ನೋಡುವಾಗ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಓರೆಯಾಗಿ ನೋಡಿದರೆ ಮುಳ್ಳು ಒಂದು ಗೆರೆ ಆಚೆಗೋ ಈಚೆಗೋ ಕಾಣುತ್ತದೆ, ನೇರವಾಗಿ ನೋಡಬೇಕು ಎಂದು ಮೊದಲ ದಿನದ ಪಾಠದಲ್ಲಿ ಹೇಳಿದ್ದೆ. ಬೇರೆ ಹೆಂಗಸರು ಕತ್ತು ಬಗ್ಗಿಸಿ ನೋಡಿ ಎದ್ದು ಹೋದರು. ಇವರೊಬ್ಬರು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಸೂಜಿಗೆ ದಾರ ಪೋಣಿಸುವವರ ಹಾಗೆ ಕೂತರು. ಮುಳ್ಳು ಅಲ್ಲಾಡುವುದು ಪೂರ್ತಿ ನಿಂತ ಮೇಲೆ ನನ್ನ ಕಡೆ ತಿರುಗಿ, "ಈಗ ಯೋಳ್ಲಾ ಟೀಚರಮ್ಮ?" ಎಂದು ಕೇಳಿದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ತಮ್ಮನ ಮಕ್ಕಳು ಈಗಲೂ ಕೆಂಪಾಪುರದಲ್ಲೇ ಇದ್ದಾರೆ. ಮನೆಯ ಹಿರಿಯರ ನಡುವೆ ಏನಿತ್ತು ಎಂಬುದು ಅವರಿಗೆ ಎಷ್ಟು ಗೊತ್ತೋ ನನಗೆ ತಿಳಿಯದು. ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಆಗ ಅವರಿಗೆ ನಲವತ್ತು ದಾಟಿರಲಿಲ್ಲ, ಆದರೆ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು.

ಫ್ಯಾಕ್ಟರಿ ಇದ್ದದ್ದು ಯಶವಂತಪುರದ ರೈಲು ಹಳಿಗಳ ಹಿಂದೆ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಗೂಡ್ಸ್ ಗಾಡಿ ಹೋದರೆ ಬೆಂಚುಗಳು ನಡುಗಿ ಮೀಟರುಗಳ ಮುಳ್ಳು ಕುಣಿಯುತ್ತಿತ್ತು. ಗಾಡಿ ಹೋಗುವ ತನಕ ಎಲ್ಲರೂ ಕೈಕಟ್ಟಿ ಕಾಯಬೇಕು. ರೇಡಿಯೊಗಳಲ್ಲಿ ಕರೆಂಟನ್ನು ತಡೆದು ಹಿಡಿಯುವ ರೆಸಿಸ್ಟರುಗಳನ್ನು ಅಲ್ಲಿ ಮಾಡುತ್ತಿದ್ದರು. ಬೆರಳುದ್ದದ ಪಿಂಗಾಣಿ ಕೊಳವೆಯ ಮೇಲೆ ಕೂದಲಿನಂಥ ತಂತಿಯನ್ನು ಸುತ್ತು ಎಣಿಸಿ ಸುತ್ತುವುದು ಹೆಂಗಸರ ಕೆಲಸ. ಸುತ್ತಿದ್ದನ್ನು ಪರೀಕ್ಷಿಸುವ ಬೆಂಚಿನಲ್ಲಿ ಅದುವರೆಗೆ ಗಂಡಸರಿದ್ದರು. ಅವರಲ್ಲಿ ಕೆಲವರು ಬೇರೆ ದೊಡ್ಡ ಕಾರ್ಖಾನೆಗಳಿಗೆ ಹೋದ ಮೇಲೆ, ಹೆಂಗಸರಿಗೇ ಪರೀಕ್ಷೆಯ ಕೆಲಸ ಕಲಿಸೋಣ ಎಂದು ಮಾಲೀಕರಿಗೆ ತೋಚಿತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕರೆದು ಟೀಚರ್ ಮಾಡಿದರು. ನನಗೆ ಇಪ್ಪತ್ತೆರಡು ವರ್ಷ. ದಿನಾ ಪಾಳಿ ಮುಗಿದ ಮೇಲೆ ಒಂದು ಗಂಟೆ ಪಾಠ.

ಕಲಿಸಬೇಕಾದದ್ದು ಬಹಳ ಇರಲಿಲ್ಲ. ರೆಸಿಸ್ಟರಿಗೆ ಇಷ್ಟು ವೋಲ್ಟು ಕೊಟ್ಟಾಗ ಅದರಲ್ಲಿ ಎಷ್ಟು ಆಂಪಿಯರ್ ಕರೆಂಟು ಹರಿಯಿತು ಎಂದು ಮೀಟರಿನಲ್ಲಿ ನೋಡಬೇಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಅದರ ತಡೆ ಎಷ್ಟು ಓಮ್ ಎಂದು ಸಿಗುತ್ತದೆ. ಅವೆರಡನ್ನೇ ಗುಣಿಸಿದರೆ ಅದು ಎಷ್ಟು ವ್ಯಾಟ್ ಶಕ್ತಿಯನ್ನು ಹೀರಿ ಬಿಸಿಯಾಗುತ್ತದೆ ಎಂದು ಗೊತ್ತಾಗುತ್ತದೆ. ಒಂದು ಭಾಗಾಕಾರ, ಒಂದು ಗುಣಾಕಾರ, ಅಷ್ಟೇ. ನಾನು ಕಾಲೇಜಿನಲ್ಲಿ ಬರೆದುಕೊಂಡಿದ್ದ ನೋಟ್ಸನ್ನೇ ಕನ್ನಡ ಮಾಡಿ ಒದರಿದೆ. ಅರ್ಧ ಗಂಟೆಯಾದರೂ ಒಬ್ಬರ ಮುಖದಲ್ಲೂ ಬೆಳಕಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ದೊಡ್ಡಕ್ಕ ಎದ್ದು ನಿಂತರು.

"ಟೀಚರಮ್ಮ, ತೆಪ್ಪಾದ್ರೆ ಬೈಕೋಬೇಡಿ. ವೋಲ್ಟು ಅಂದ್ರೆ ತೊಟ್ಟಿ ಎಷ್ಟು ಎತ್ತರದಾಗೈತೆ ಅನ್ನೋದು. ಆಂಪು ಅಂದ್ರೆ ಕಾಲ್ವೇಲಿ ಓಡೋ ನೀರು. ಓಮು ಅಂದ್ರೆ ಕಾಲ್ವೇಲಿ ಬೆಳ್ಕೊಂಡಿರೋ ಜೊಂಡು. ತೊಟ್ಟಿ ಎತ್ರ ಇದ್ರೆ ನೀರು ಜೋರು, ಜೊಂಡು ಜಾಸ್ತಿ ಆದ್ರೆ ನೀರು ಕಮ್ಮಿ. ಅಷ್ಟೇ ತಾನೆ?"

ಅಷ್ಟೇ ಎಂದೆ. ಹೆಂಗಸರೆಲ್ಲ ಅವರ ಕಡೆ ತಿರುಗಿ ಕೂತರು. ಮರುದಿನದಿಂದ ನಾನು ಹೇಳಿದ್ದನ್ನು ಅವರು ತೋಟದ ಭಾಷೆಯಲ್ಲಿ ಇನ್ನೊಮ್ಮೆ ಹೇಳುವುದು, ಆಮೇಲೆ ಲೆಕ್ಕ ಮಾಡುವುದು ಎಂದು ರೂಢಿಯಾಯಿತು. ಶಾಲೆಯಲ್ಲಿ ಅವರು ಓದಿದ್ದು ನಾಲ್ಕನೇ ತರಗತಿ. ಭಾಗಾಕಾರವನ್ನು ಮಾತ್ರ ನನಗಿಂತ ಬೇಗ ಮಾಡುತ್ತಿದ್ದರು, ಅದೂ ಕಾಗದವಿಲ್ಲದೆ, ಸೆರಗಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ.

ಅಲ್ಲಿನ ಕ್ಯಾಂಟೀನಿನಲ್ಲಿ ದಿನಕ್ಕೊಂದು ಸಲ ಫ್ಯೂಸು ಹೋಗಿ ಕತ್ತಲಾಗುತ್ತಿತ್ತು. ಕ್ಯಾಂಟೀನಿನವನು ಫ್ಯೂಸನ್ನೇ ಬೈಯುತ್ತಿದ್ದ. ದೊಡ್ಡಕ್ಕ ಒಂದು ದಿನ ಟೀ ಲೋಟ ಹಿಡಿದು ಅವನ ಎರಡು ಕರೆಂಟ್ ಒಲೆಗಳ ಹಿಂದೆ ಬಗ್ಗಿ ನೋಡಿದರು. ಒಂದೊಂದರ ಮೇಲೂ ಸಾವಿರ ವ್ಯಾಟ್ ಎಂದಿತ್ತು.

"ಒಂದೊಂದು ಒಲೆ ನಾಕು ಆಂಪಿನ ಮ್ಯಾಲೆ ಎಳೀತದೆ. ಎರಡೂ ಅಚ್ಚಿದ್ರೆ ಎಂಟೂ ಮುಕ್ಕಾಲು ಆಯ್ತದೆ. ನಿನ್ನ ಫ್ಯೂಸು ಐದರದು. ಅದು ಓಗ್ದೆ ಇನ್ನೇನು ಮಾಡ್ತದೆ? ಅದ್ನ ಯಾಕೆ ಬೈತೀಯ, ಅದು ಅದ್ರ ಕೆಲ್ಸ ಮಾಡ್ತೈತೆ."

"ಹಂಗಾದ್ರೆ ದಪ್ಪ ತಂತಿ ಹಾಕ್ಬಿಡ್ತೀನಿ ಬಿಡಕ್ಕ."

"ಆಕು. ಆಮೇಲೆ ಫ್ಯೂಸಿನ ಬದ್ಲು ಗೋಡೆ ಸುಡ್ತದೆ."

ಅಂದಿನಿಂದ ಒಂದು ಒಲೆಯಲ್ಲಿ ಟೀ ಇಳಿದ ಮೇಲೇ ಇನ್ನೊಂದರಲ್ಲಿ ಹಾಲು ಕಾಯತೊಡಗಿತು. ಟೀ ತಡವಾಗುತ್ತಿತ್ತು, ದೀಪ ಆರುತ್ತಿರಲಿಲ್ಲ.

ಇನ್ನೊಂದು ಸಲ, ಮಾಲು ಕೊಂಡವರು ಒಂದು ಪೆಟ್ಟಿಗೆ ಸುಟ್ಟ ರೆಸಿಸ್ಟರುಗಳನ್ನು ವಾಪಸು ಕಳಿಸಿದರು. ಮೇಲ್ವಿಚಾರಕರು ಪೆಟ್ಟಿಗೆಯನ್ನು ಬೆಂಚಿನ ಮೇಲೆ ಸುರಿದು, ಸುತ್ತಿದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಬೈಯತೊಡಗಿದರು. ದೊಡ್ಡಕ್ಕ ಆ ರಾಶಿಯಿಂದ ಸುಡದೆ ಉಳಿದಿದ್ದ ಎರಡನ್ನು ಹುಡುಕಿ ಅಳೆದರು. ಇನ್ನೂರೈವತ್ತು ಓಮ್, ಇರಬೇಕಾದಷ್ಟೇ.

"ಸಾರ್, ಅವ್ರು ಇದಕ್ಕೆ ಎಷ್ಟು ವೋಲ್ಟು ಕೊಟ್ಟವ್ರೆ?"

"ಐವತ್ತು."

ಸೆರಗಿನ ಅಂಚು ಹೆಬ್ಬೆರಳಿನ ಕೆಳಗೆ ಓಡಿತು. "ಐವತ್ತು ವೋಲ್ಟಿಗೆ ಆಂಪಿನಾಗೆ ಐದ್ರಲ್ಲೊಂದು ಪಾಲು ಓಡ್ತದೆ. ಅಂಗಂದ್ರೆ ಅತ್ತು ವ್ಯಾಟು. ಇದ್ರ ಮ್ಯಾಲೆ ಐದು ವ್ಯಾಟು ಅಂತ ನಾವೇ ಬರ್ದಿದೀವಿ. ಉಡುಗೀರ್ದು ತೆಪ್ಪಿಲ್ಲ ಸಾರ್. ತಡೆಯೋದು ಬೇರೆ, ತಾಳೋದು ಬೇರೆ."

ಮೇಲ್ವಿಚಾರಕರು ಒಳ್ಳೆಯವರು. ಹುಡುಗಿಯರಿಗೆ ಹೋಗಿ ಎಂದರು. ಮುಂದಿನ ತಿಂಗಳು ದೊಡ್ಡಕ್ಕ ಪರೀಕ್ಷೆಯ ಬೆಂಚಿಗೆ ಬಂದರು.

ಅವರ ಮನೆಯ ಸಂಗತಿ ನನಗೆ ಗೊತ್ತಿದ್ದದ್ದು ಕಡಿಮೆ. ಮದುವೆಯಾದ ನಾಲ್ಕನೇ ವರ್ಷ ಗಂಡ ಜ್ವರದಲ್ಲಿ ಹೋದರು. ಅಂದಿನಿಂದ ಕೆಂಪಾಪುರದಲ್ಲಿ ತಮ್ಮನ ಮನೆ. ತಮ್ಮನಿಗೆ ದ್ರಾಕ್ಷಿ ತೋಟ. ಬೆಳಿಗ್ಗೆ ಮನೆಗೆಲಸ ಮುಗಿಸಿ, ಹೆಬ್ಬಾಳದವರೆಗೆ ನಡೆದು, ಬಸ್ಸು ಹಿಡಿದು, ಇಳಿದು ಮತ್ತೆ ನಡೆದು ಫ್ಯಾಕ್ಟರಿಗೆ ಬರುತ್ತಿದ್ದರು. ದ್ರಾಕ್ಷಿಯ ಕಾಲದಲ್ಲಿ ಬುಟ್ಟಿಯ ತಳಕ್ಕೆ ಎಲೆ ಹಾಸಿ ಕಪ್ಪು ದ್ರಾಕ್ಷಿ ತಂದು ಹಂಚುತ್ತಿದ್ದರು. ತಾವು ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಯಾಕೆ ಎಂದರೆ, "ಉಳಿ ಆಗಲ್ಲ ನಂಗೆ" ಎನ್ನುತ್ತಿದ್ದರು. ತಮ್ಮನ ಬಗ್ಗೆ ಮಾತ್ರ ಅಭಿಮಾನದಿಂದ ಹೇಳುತ್ತಿದ್ದರು. "ನನಗಿಂತ ಆರು ವರ್ಷ ಚಿಕ್ಕೋನು. ನಮ್ಮವ್ವ ಸತ್ತಾಗ ಸೊಂಟದ ಮ್ಯಾಲೆ ಎತ್ಕೊಂಡು ಸಾಕ್ದೆ. ಆಮೇಲೆ ನಾನು ಬಂದು ಬಾಗ್ಲಲ್ಲಿ ನಿಂತಾಗ ಒಂದ್ ಮಾತು ಕೇಳ್ಲಿಲ್ಲ ಅವ್ನು. ಬಾ ಒಳೀಕೆ ಅಂದ, ಅಷ್ಟೇ."

ಒಂದು ದಿನದ ಪಾಠದಲ್ಲಿ ಯಾವುದಕ್ಕೆ ತಡೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂದು ಹೇಳುತ್ತಿದ್ದೆ. ತಾಮ್ರ, ಕಬ್ಬಿಣ, ಒಣಮರ, ಪಿಂಗಾಣಿ. ದೊಡ್ಡಕ್ಕ ಕೇಳಿದರು:

"ಮನುಸ್ಯಂಗೆ ಎಷ್ಟು ಓಮು, ಟೀಚರಮ್ಮ?"

ಮುಂದಿನ ಸಾಲಿನ ಹೆಂಗಸೊಬ್ಬಳು ತಟ್ಟನೆ, "ನಮ್ಮತ್ತೆಗೆ ಲಕ್ಷ ಇರ್ಬೇಕು ಕಣಕ್ಕ, ಏನ್ ಹೇಳಿದ್ರೂ ಒಳಗೆ ಹೋಗಲ್ಲ" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮನುಷ್ಯರ ಮೈಗೆ ಇಷ್ಟೇ ಎಂದು ಹೇಳಲಾಗುವುದಿಲ್ಲ, ಆಗಾಗ ಬದಲಾಗುತ್ತದೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ. ದೊಡ್ಡಕ್ಕ ನಕ್ಕಿರಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಎಲ್ಲರೂ ಹೋದ ಮೇಲೆ ಅವರು ಬೆಂಚು ಒರೆಸುತ್ತಾ ಅಲ್ಲೇ ಉಳಿದರು. "ಒಣಗಿದ ಕೈಗೆ ಎಷ್ಟು, ಒದ್ದೆ ಕೈಗೆ ಎಷ್ಟು? ಅಂದಾಜು ಯೋಳಿ."

"ಒಣಗಿದ್ದರೆ ಹತ್ತಾರು ಸಾವಿರ ಓಮ್ ಇರಬಹುದು ದೊಡ್ಡಕ್ಕ. ಚೆನ್ನಾಗಿ ನೆನೆದಿದ್ದರೆ ಸಾವಿರಕ್ಕೆ ಇಳಿಯುತ್ತದೆ."

"ಇನ್ನೂರಾ ಮೂವತ್ತು ವೋಲ್ಟಿಗೆ ಸಾವ್ರ ಓಮು. ಆಂಪಿನಾಗೆ ಕಾಲು ಭಾಗಕ್ಕೆ ಒಸಿ ಕಮ್ಮಿ." ಅವರ ಕೈ ಒರೆಸುವುದನ್ನು ನಿಲ್ಲಿಸಿತ್ತು. "ಮನುಸ್ಯ ಸಾಯಕ್ಕೆ ಎಷ್ಟು ಬೇಕು?"

"ಅದರ ಅರ್ಧವೂ ಬೇಡ" ಎಂದೆ, ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸುವ ಹುಮ್ಮಸ್ಸಿನಲ್ಲಿ.

ಅವರು ತಲೆಯಾಡಿಸಿ ಬಟ್ಟೆಯನ್ನು ಮಡಚಿಟ್ಟರು. ಆಮೇಲೆ ನಿಂತುಕೊಂಡೇ ಹೇಳಿದರು. ಅವರಿಗೊಬ್ಬಳು ಮಗಳಿದ್ದಳು. ಎರಡು ವರ್ಷದವಳನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದಿದ್ದು. ತೋಟಕ್ಕೆ ಕರೆಂಟಿನ ಮೋಟಾರು ಬಂದ ವರ್ಷ ಅವಳಿಗೆ ಹದಿನಾರು. ಒಂದು ದಿನ ಬಾವಿಯ ಹತ್ತಿರ ಕೂತು ಪಾತ್ರೆ ತೊಳೆಯುತ್ತಿದ್ದಳು. ತೊಟ್ಟಿ ತುಂಬಿ ನೀರು ಚೆಲ್ಲುವುದನ್ನು ಕಂಡು ತಾಯಿ ಕೂಗಿದರು: ಎದ್ದೋಗಿ ಮೋಟಾರು ಆರಿಸೇ. ಹುಡುಗಿ ಎದ್ದು ಹೋಗಿ, ಕಬ್ಬಿಣದ ಸ್ವಿಚ್ಚಿನ ಡಬ್ಬಿಗೆ ಕೈಹಾಕಿದಳು.

"ಎಲ್ಲಾರೂ ಒಂದೇ ಮಾತು ಯೋಳಿದ್ರು. ಒದ್ದೆ ಕೈಲಿ ಮುಟ್ಟವ್ಳೆ, ಅದಕ್ಕೇ ಅಂತ. ಕೈ ಒರ್ಸ್ಕೊಂಡು ಓಗು ಅಂತ ನಾನು ಯೋಳ್ಬೇಕಿತ್ತು, ಟೀಚರಮ್ಮ. ಜಲ್ದಿ ಓಗು ಅಂದೆ. ನೀರು ಚೆಲ್ತದೆ ಅಂತ."

ಅವರ ಪ್ರಶ್ನೆ ಪಾಠದ ಪ್ರಶ್ನೆಯಾಗಿರಲಿಲ್ಲ. ನಾನು ಮಾತ್ರ ಪಾಠದ ಉತ್ತರ ಕೊಟ್ಟು ಕೂತಿದ್ದೆ. ಮಗಳು ಹೋದ ಮೇಲೆ ಆ ತಾಯಿ ಮೂರು ವರ್ಷದಿಂದ ತಮ್ಮ ಒಂದು ಮಾತನ್ನು ಅಳೆಯಲು ಅಳತೆಗೋಲು ಹುಡುಕುತ್ತಿದ್ದರು, ಅದನ್ನು ನಾನು ಕೈಗೆ ಕೊಟ್ಟು ಅವರ ಭಯವೇ ಸರಿ ಎಂದಂತಾಯಿತು.

ಮನೆಗೆ ಹೋಗಿ ಕಾಲೇಜಿನ ಪುಸ್ತಕಗಳನ್ನೆಲ್ಲ ತೆಗೆದೆ. ಮರುದಿನ ನಮ್ಮ ಫ್ಯಾಕ್ಟರಿಯ ಹಿರಿಯ ಇಂಜಿನಿಯರರನ್ನು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕೈ ಒದ್ದೆ ಇತ್ತೋ ಒಣಗಿತ್ತೋ ಅದು ಆಮೇಲಿನ ಮಾತಮ್ಮ. ಡಬ್ಬಿಯ ಮೈಗೆ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಇಳಿಸೋ ತಂತಿ ಇರಬೇಕು. ಅರ್ಥಿಂಗ್. ಅದು ಇರಲಿಲ್ಲ ಅಂತ ಕಾಣುತ್ತೆ" ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಂಜೆ ದೊಡ್ಡಕ್ಕನನ್ನು ಕೂರಿಸಿಕೊಂಡು, ಕಪ್ಪು ಹಲಗೆಯ ಮೇಲೆ ಮೋಟಾರು, ಡಬ್ಬಿ, ಡಬ್ಬಿಯಿಂದ ಮಣ್ಣಿನೊಳಕ್ಕೆ ಹೋಗುವ ಒಂದು ತಂತಿ, ಎಲ್ಲ ಬರೆದೆ.

"ನಿಮ್ಮ ತಪ್ಪಲ್ಲ ದೊಡ್ಡಕ್ಕ. ಒಳಗಿನ ತಂತಿ ಸವೆದು ಡಬ್ಬಿಗೆ ತಾಗಿದೆ ಅಂತ ಇಟ್ಟುಕೊಳ್ಳಿ. ಈ ನೆಲದ ತಂತಿ ಇದ್ದಿದ್ದರೆ ಆ ದಾರಿಗೆ ತಡೆ ಐದು ಓಮ್ ಅಷ್ಟೇ. ನೀವೇ ಲೆಕ್ಕ ಮಾಡಿ."

"ಇನ್ನೂರಾ ಮೂವತ್ತು, ಐದು. ನಲ್ವತ್ತಾರು ಆಂಪು." ಅವರು ಹಲಗೆಯನ್ನೇ ನೋಡುತ್ತಿದ್ದರು. "ಫ್ಯೂಸು ಎಷ್ಟರದು ಇರ್ತದೆ?"

"ಹದಿನೈದು."

"ಅಂಗಾರೆ ಡಬ್ಬಿಗೆ ಕರೆಂಟು ಬಂದೇಟ್ಗೇ ಫ್ಯೂಸು ಓಗಿರೋದು. ಅವ್ಳು ಮುಟ್ಟೋಕ್ಕೆ ಮುಂಚೇನೇ."

"ಹೌದು. ಕೈ ಒದ್ದೆಯಿದ್ದರೂ ಏನೂ ಆಗುತ್ತಿರಲಿಲ್ಲ."

ನಾನು ಒಂದು ದೊಡ್ಡ ಉಪಕಾರ ಮಾಡಿದವಳ ಹಾಗೆ ನಿಂತಿದ್ದೆ. ಗೂಡ್ಸ್ ಗಾಡಿಯೊಂದು ಬಂದು ಹೋಯಿತು. ಆಮೇಲೆ ದೊಡ್ಡಕ್ಕ ಸಣ್ಣ ದನಿಯಲ್ಲಿ ಕೇಳಿದರು:

"ಆ ತಂತಿ ಯಾರು ಆಕ್ಬೇಕು?"

"ಮೋಟಾರಿನ ವೈರಿಂಗ್ ಯಾರು ಮಾಡಿದರೋ ಅವರು."

"ವೈರಿಂಗ್ ಮಾಡಿದ್ದು ನನ್ನ ತಮ್ಮ" ಎಂದರು.

ತಮ್ಮ ಒಬ್ಬ ವೈರಿಂಗ್ ಕಂಟ್ರಾಕ್ಟರರ ಹತ್ತಿರ ಎರಡು ವರ್ಷ ಕೆಲಸ ಮಾಡಿದ್ದನಂತೆ. ಬೇರೆಯವರನ್ನು ಕರೆಯುವುದೇಕೆ ಎಂದು ತೋಟದ ಮೋಟಾರನ್ನು ತಾನೇ ಕೂರಿಸಿದ. ಮೊದಲ ದಿನ ನೀರು ಧುಮುಕಿದಾಗ ಜಕ್ಕೂರಿನಿಂದೆಲ್ಲ ಜನ ನೋಡಲು ಬಂದಿದ್ದರಂತೆ. ಮಗಳು ಆ ನೀರಿಗೆ ಮೊದಲು ತಲೆಯೊಡ್ಡಿದ್ದಳಂತೆ. ಇಷ್ಟು ಹೇಳಿ ದೊಡ್ಡಕ್ಕ ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ಬಂದು, ಹಲಗೆಯ ಮೇಲಿನ ಚಿತ್ರವನ್ನು ತಾವೇ ಒರೆಸಿ ಹೋದರು.

ಮೂರು ದಿನ ಕೆಲಸಕ್ಕೆ ಬರಲಿಲ್ಲ. ಒಂದು ಸಲವೂ ರಜೆ ಹಾಕಿದವರಲ್ಲ. ನಾನು ಹುಚ್ಚಿಯಂತಾಗಿದ್ದೆ. ಯಾವ ಮನೆಯಲ್ಲಿ ಅವರು ಬದುಕುತ್ತಿದ್ದರೋ ಆ ಮನೆಗೆ ನಾನು ಬೆಂಕಿ ಹಚ್ಚಿದ್ದೇನೆ ಎನಿಸುತ್ತಿತ್ತು. ನಾಲ್ಕನೇ ದಿನ ಎಂದಿನಂತೆ ಬಂದು ತಮ್ಮ ಜಾಗದಲ್ಲಿ ಕೂತು, ಎಡಗಣ್ಣು ಮುಚ್ಚಿ ಮುಳ್ಳು ನೋಡತೊಡಗಿದರು. ಸಂಜೆ ನನ್ನ ಹತ್ತಿರ ಬಂದರು.

"ಅವ್ನಿಗೆ ನಾನು ಯೋಳಲ್ಲ. ನೀವೂ ಯಾವತ್ತೂ ಯೋಳ್ಕೂಡ್ದು. ಅವ್ಳನ್ನ ಎಗಲ ಮ್ಯಾಲೆ ಕೂರಿಸ್ಕೊಂಡು ಬೆಳ್ಸಿದೋನು ಅವ್ನು. ಗೊತ್ತಾದ್ರೆ ಅದೇ ಬಾವಿಗೆ ಬಿದ್ಬಿಡ್ತಾನೆ. ನನ್ನಿಂದಾನೇ ಆಯ್ತು ಅಂತ ಊರೆಲ್ಲಾ ಅನ್ಕೊಂಡೈತಲ್ಲ, ಅಂಗೇ ಇರ್ಲಿ."

"ಆದರೆ ಅದು ನಿಜವಲ್ಲವಲ್ಲ, ದೊಡ್ಡಕ್ಕ."

"ನಿಮಗೆ ಗೊತ್ತಲ್ಲ. ಒಬ್ರಿಗೆ ಗೊತ್ತಿದ್ರೆ ಸಾಕು." ಆಮೇಲೆ ಹೇಳಿದರು: "ಆ ಮೋಟಾರು ಇನ್ನೂ ಅಂಗೇ ಐತೆ. ಅವ್ನ ಎಂಡ್ರು ಮಕ್ಳು ದಿನಾ ಮುಟ್ತಾರೆ. ಒಂದ್ ಭಾನ್ವಾರ ಬಂದು ಆ ತಂತಿ ಆಕಿಸ್ಕೊಡ್ತೀರಾ?"

ಇಂಜಿನಿಯರರನ್ನು ಕೇಳಿ ಎರಡು ಮೀಟರುಗಳನ್ನು ಪಡೆದುಕೊಂಡೆ. ಏನೇನು ಬೇಕು, ಹೇಗೆ ಅಳೆಯಬೇಕು ಎಂದು ಅವರೇ ಬರೆದುಕೊಟ್ಟರು. ಭಾನುವಾರ ಹೆಬ್ಬಾಳದಲ್ಲಿ ಬಸ್ಸಿಳಿದಾಗ ದೊಡ್ಡಕ್ಕ ಕಾಯುತ್ತಿದ್ದರು. ಕೆರೆಯ ಏರಿ ದಾಟಿ ಕೆಂಪಾಪುರಕ್ಕೆ ನಡೆದೆವು. ತೋಟದ ತುಂಬ ದ್ರಾಕ್ಷಿಯ ಚಪ್ಪರ. ಮೇಲೆ ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನ ಸುತ್ತು ಹಾಕುತ್ತಿತ್ತು. ತಮ್ಮನದು ಸಣ್ಣ ಮೈಕಟ್ಟು, ಮಾತು ಕಡಿಮೆ. ನನ್ನ ಮುಖ ನೋಡದೆ ನಮಸ್ಕಾರ ಮಾಡಿದ.

"ಇದ್ಯಾತಕ್ಕಕ್ಕಾ?" ಎಂದು ಕೇಳಿದ.

"ಫ್ಯಾಕ್ಟ್ರೀಲಿ ಕಲ್ಸವ್ರೆ. ಎಲ್ಲಾ ಮೋಟಾರಿಗೂ ಆಕ್ಬೇಕಂತೆ."

ಅವನು ಮತ್ತೇನೂ ಕೇಳದೆ ಹಾರೆ ತೆಗೆದುಕೊಂಡ. ಆಳೆತ್ತರದ ಗುಂಡಿ ತೋಡಿ, ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ನೀರು ಹೊಯ್ದ. ಕೊಳವೆಯ ಮೂಲಕ ನೆಲಕ್ಕೆ ಎರಡು ಆಂಪಿಯರಿನಷ್ಟು ಕರೆಂಟು ಬಿಟ್ಟು, ದೂರದಲ್ಲಿ ನೆಟ್ಟ ಸಲಾಕೆಗೂ ಕೊಳವೆಗೂ ನಡುವೆ ಎಷ್ಟು ವೋಲ್ಟು ಎಂದು ನೋಡಬೇಕು. ದೊಡ್ಡಕ್ಕ ಮಣ್ಣಿನಲ್ಲಿ ಮಂಡಿಯೂರಿ ಮೀಟರು ನೋಡಿದರು. ಮೂವತ್ತಾರು ವೋಲ್ಟು.

"ಅದಿನೆಂಟು ಓಮು. ಅಂಗಂದ್ರೆ ಅದಿಮೂರು ಆಂಪೂ ಓಡಲ್ಲ. ಫ್ಯೂಸು ಓಗಲ್ಲ. ಸಾಲ್ದು. ಇನ್ನೊಂದು ಗುಂಡಿ ತೋಡು."

ಅವನು ತೋಡಿದ. ಎರಡು ಕೊಳವೆಗಳನ್ನೂ ಸೇರಿಸಿದ ಮೇಲೆ ಒಂಬತ್ತು ಬಂತು. ಒಂಬತ್ತಾದರೆ ಫ್ಯೂಸು ಹೋಗುತ್ತದೆ, ಸಾಕಲ್ಲ ದೊಡ್ಡಕ್ಕ ಎಂದೆ. ಅವರು ಒಪ್ಪಲಿಲ್ಲ. ಮೂರನೆಯದನ್ನು ತೋಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ, ಉಪ್ಪುನೀರು ಚೆನ್ನಾಗಿ ಇಂಗಿದ ಮೇಲೆ, ಮುಳ್ಳು ಹತ್ತು ವೋಲ್ಟಿನಲ್ಲಿ ನಿಂತಿತು. ಐದು ಓಮ್. ದೊಡ್ಡಕ್ಕ ಮೇಲೇಳಲಿಲ್ಲ. ಕೊಳವೆಯನ್ನು ಹಿಡಿದುಕೊಂಡು ಅಲ್ಲೇ ಕೂತಿದ್ದರು. ಅವರ ತಮ್ಮ ಬೆವರು ಒರೆಸಿಕೊಳ್ಳುತ್ತಾ ಅಕ್ಕನನ್ನೇ ನೋಡುತ್ತಿದ್ದ. ಮೂರು ಗುಂಡಿಯ ಮಣ್ಣು ಅವನ ಮೈಮೇಲಿತ್ತು. ದೊಡ್ಡಕ್ಕ ಎದ್ದು ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗೆ ಕೊಟ್ಟರು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಭಾನುವಾರ ಬಂದರೆ ಸುತ್ತಲಿನ ತೋಟಗಳಿಗೆ ಹೊರಡುತ್ತಿದ್ದರು. ಜಕ್ಕೂರು, ಪುಟ್ಟೇನಹಳ್ಳಿ, ಯಲಹಂಕದ ದಾರಿಯ ತೋಟಗಳು. ಮೋಟಾರಿನ ಮನೆಗೆ ಹೋಗಿ, ನೆಲದ ತಂತಿ ಎಲ್ಲೈತೆ ತೋರ್ಸಿ ಎಂದು ಕೇಳುವುದು. ಕೆಲವು ಸಲ ನಾನೂ ಜೊತೆಗೆ ಹೋಗಿದ್ದೇನೆ. ಮಗಳನ್ನು ಕಳಕೊಂಡು ತಲೆ ಕೆಟ್ಟಿದೆ ಎಂದು ಹಿಂದಿನಿಂದ ಹೇಳುವವರಿದ್ದರು. ಒಬ್ಬ ದೊಡ್ಡ ತೋಟದ ಯಜಮಾನರು ಮುಖಕ್ಕೇ ಹೇಳಿದರು: "ನಮ್ಮ ಮೋಟಾರು ಇದುವರ್ಗೂ ಯಾರ್ನೂ ಒಡ್ದಿಲ್ಲ ಕಣಮ್ಮ."

"ನಮ್ದೂ ಒಡ್ದಿರ್ಲಿಲ್ಲ ಗೌಡ್ರೆ, ಅವತ್ತಿನ ತಂಕ" ಎಂದರು ಇವರು. ಗೌಡರು ಆಳುಗಳನ್ನು ಕರೆದು ಗುಂಡಿ ತೋಡಿಸಿದರು.

ಜಕ್ಕೂರಿನ ಮುದುಕರೊಬ್ಬರು ಮಾತ್ರ ಒಂದು ಬೆಳಿಗ್ಗೆ ಹೆಬ್ಬಾಳದ ಬಸ್ ನಿಲ್ದಾಣದಲ್ಲೇ ಇವರನ್ನು ಹಿಡಿದು ಜಗಳಕ್ಕೆ ನಿಂತರು. ನಿನ್ನ ತಂತಿ ಹಾಕಿಸಿದ ಮೇಲೆ ನಿನ್ನೆಯಿಂದ ಮೂರು ಸಲ ಫ್ಯೂಸು ಹೋಯಿತು, ಇದೆಂಥ ದರಿದ್ರದ ತಂತಿ, ಬಂದು ಕಿತ್ತು ಹಾಕು ಎಂದು. ಆ ದಿನ ದೊಡ್ಡಕ್ಕ ಆ ಮುದುಕರ ತೋಟಕ್ಕೆ ಹೋಗಿ ಮೋಟಾರು ನೋಡಿ, ಫ್ಯಾಕ್ಟರಿಗೆ ತಡವಾಗಿ ಬಂದರು. ನನ್ನ ಕೈ ಹಿಡಿದು ಒಂದೇ ಸಮನೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅವ್ರ ಮೋಟಾರಿನಾಗೆ ತಂತಿ ಸುಟ್ಟೋಗಿತ್ತು ಟೀಚರಮ್ಮ, ಡಬ್ಬಿಗೆ ತಾಗ್ಬಿಟ್ಟಿತ್ತು. ಮೂರು ಸಲಾನೂ ಫ್ಯೂಸು ಓಗೈತೆ. ಆಯಪ್ಪ ಚೆನ್ನಾಗವ್ರೆ. ಗಟ್ಟಿಯಾಗವ್ರೆ. ನನ್ನ ಎಂಗೆ ಬೈದ್ರು ಅಂತೀರಾ!"

ನಾನು ಮದುವೆಯಾಗಿ ತುಮಕೂರಿಗೆ ಹೋದೆ. ಅಲ್ಲಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ದೊಡ್ಡಕ್ಕನಿಗೆ ಕಾಗದ ಬರೆಯುವ ಅಭ್ಯಾಸವಿರಲಿಲ್ಲ. ವರ್ಷಕ್ಕೊಮ್ಮೆ ದ್ರಾಕ್ಷಿಯ ಕಾಲದಲ್ಲಿ ಯಾರ ಕೈಯಲ್ಲೋ ಒಂದು ಬುಟ್ಟಿ ಬರುತ್ತಿತ್ತು. ಅರವತ್ತರ ದಶಕ ಮುಗಿಯುತ್ತಾ ಬಂದಾಗ, ಒಂದು ವರ್ಷ ಬುಟ್ಟಿಯ ಬದಲು ಫ್ಯಾಕ್ಟರಿಯ ಗೆಳತಿಯಿಂದ ಒಂದು ಕಾರ್ಡು ಬಂತು. ಕಾಮಾಲೆಯಾಗಿತ್ತು, ನಾಟಿ ಔಷಧಿ ಎಂದು ಕಾದರು, ಆಸ್ಪತ್ರೆಗೆ ಸೇರಿಸುವಾಗ ಹೊತ್ತು ಮೀರಿತ್ತು ಎಂದಿತ್ತು. ನಾನು ಕೆಂಪಾಪುರ ಸೇರಿದ್ದು ಹನ್ನೊಂದನೇ ದಿನದ ಕಾರ್ಯಕ್ಕೆ.

ಚಪ್ಪರದ ಕೆಳಗೆ ಬಹಳ ಜನ ಸೇರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೆಂಟರಲ್ಲ, ಸುತ್ತಲಿನ ತೋಟಗಳವರು. ತಮ್ಮನಿಗೆ ತಲೆ ಬೋಳಿಸಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದ. ನನ್ನನ್ನು ನೋಡಿ ಎದ್ದು ಬಂದು, "ಒಸಿ ಈ ಕಡೆ ಬರ್ತೀರಾಮ್ಮ" ಎಂದು ಬಾವಿಯ ಹತ್ತಿರ ಕರೆದುಕೊಂಡು ಹೋದ.

ಅಲ್ಲಿ ನಿಂತು ಕೇಳಿದ: "ಅಕ್ಕಂಗೆ ಗೊತ್ತಿತ್ತಾ?"

"ಏನು?" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

"ಮೋಟಾರು ಕೂರಿಸ್ದಾಗ ಲೈನ್‌ಮನ್ನು ಯೋಳಿದ್ದ. ಇನ್ನೊಂದು ತಂತಿ ನೆಲಕ್ಕೆ ಇಳ್ಸಪ್ಪ, ಮರೀಬ್ಯಾಡ ಅಂತ. ನಾಳೆ ಆಕ್ತೀನಿ ಅಂದೆ. ನೀರು ಬಂತಲ್ಲ, ಜನ ಎಲ್ಲಾ ಸೇರಿದ್ರು, ಆ ಕುಸೀಲಿ ಮರ್ತೆ. ಮಗು ಓದ ದಿನಾನೇ ನಂಗೆ ಅದು ಗೆಪ್ತಿಗೆ ಬಂತು. ಎಲ್ಲಾರೂ ಒದ್ದೆ ಕೈ ಒದ್ದೆ ಕೈ ಅಂದ್ರು. ನಾನೂ ಸುಮ್ಕಾಗ್ಬಿಟ್ಟೆ. ಅಕ್ಕ ಎದೆ ಬಡ್ಕೊಂಡು ನಾನೇ ಕೊಂದೆ ನಾನೇ ಕೊಂದೆ ಅಂತಾಳೆ, ನಾನು ಪಕ್ಕದಾಗೆ ಕೂತಿದೀನಿ. ಬಾಯಿ ಬರ್ಲಿಲ್ಲಮ್ಮ."

ಬಾವಿಕಟ್ಟೆಯ ಮೇಲೆ ಕೂತುಕೊಂಡ.

"ನೀವು ಬಂದು ಗುಂಡಿ ತೋಡಿಸ್ದಾಗ ಇವತ್ತು ಕೇಳ್ತಾಳೆ ಅನ್ಕೊಂಡೆ. ಕೇಳ್ಲಿಲ್ಲ. ನಾಳೆ ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ ಇಷ್ಟು ವರ್ಷ ಕಾದೆ. ಒಂದ್ಸಲ ಕೆನ್ನೆಗೆ ಒಡೆದಿದ್ರೂ ಆಗ್ತಿತ್ತು. ಆಸ್ಪತ್ರೇಲಿ ಕೊನೇ ದಿನ ಯೋಳ್ಬಿಡಾನ ಅಂತ ಬಗ್ಗಿದೆ. ಅವ್ಳಿಗೆ ಗ್ಯಾನ ಇರ್ಲಿಲ್ಲ. ನಿಮ್ತಾವ ಏನಾರ ಅಂದಿದ್ಲಾ? ಗೊತ್ತಿತ್ತಾ ಅವ್ಳಿಗೆ?"

ಯಾವತ್ತೂ ಹೇಳಕೂಡದು ಎಂದು ದೊಡ್ಡಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದರು. ಗೊತ್ತಿರಲಿಲ್ಲ ಎಂದುಬಿಟ್ಟರೆ ಮಾತು ಉಳಿಯುತ್ತಿತ್ತು. ಆದರೆ ಯಾವ ಸಂಗತಿ ತಿಳಿದರೆ ಇವನು ಬದುಕುವುದಿಲ್ಲ ಎಂದು ಅವರು ಹೆದರಿದ್ದರೋ, ಅದನ್ನು ಇವನು ಮೊದಲ ದಿನದಿಂದಲೇ ಒಬ್ಬನೇ ಹೊತ್ತುಕೊಂಡು ಬದುಕಿದ್ದ. ಒಂದೇ ಸೂರಿನ ಕೆಳಗೆ, ಇಬ್ಬರೂ, ಒಬ್ಬರಿಗೊಬ್ಬರು ಹೇಳದೆ.

"ಗೊತ್ತಿತ್ತಪ್ಪ" ಎಂದೆ.

"ಯಾವಾಗ್ನಿಂದ?"

"ಆ ಗುಂಡಿ ತೋಡುವುದಕ್ಕೆ ಮುಂಚಿನಿಂದ."

ಅವನು ಬೆರಳು ಮಡಿಚಿ ವರ್ಷ ಎಣಿಸಿದ. ಎಣಿಸುತ್ತಾ ಎಣಿಸುತ್ತಾ ಅವನ ಬಾಯಿ ಸೊಟ್ಟಗಾಯಿತು. ಅಳುತ್ತಾನೆ ಎಂದುಕೊಂಡೆ, ಅಳಲಿಲ್ಲ.

"ಗೊತ್ತಿದ್ದೂ ದಿನಾ ನಂಗೆ ಮುದ್ದೆ ಮಾಡಿಕ್ಕಿದ್ಲಾ?"

"ಇಕ್ಕಿದರು."

ಮನೆಯ ಕಡೆಯಿಂದ ಅವನ ಹೆಂಡತಿ ಎಡೆಗೆ ಹೊತ್ತಾಯಿತು ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೂಗಿದಳು. ನಾನು ಅವನ ತೋಳು ಹಿಡಿದು ಎಬ್ಬಿಸಿದೆ. ನಾಲ್ಕು ಹೆಜ್ಜೆ ಬಂದವನು ಚಪ್ಪರದ ಕಂಬ ಹಿಡಿದು ನಿಂತ. ಅಷ್ಟೂ ಜನರ ಎದುರಿಗೆ, ಹದಿಮೂರು ವರ್ಷದಿಂದ ಹೇಳಲಾಗದೆ ಉಳಿದಿದ್ದದ್ದನ್ನು ಜೋರಾಗಿ ಹೇಳಿದ:

"ನಮ್ಮಕ್ಕಂದು ತೆಪ್ಪಿರ್ಲಿಲ್ಲ. ಮಗು ಓಗಿದ್ದು ನನ್ನಿಂದ."